ಕೋವಿ ಕಪಾಟಿನ ಕೀಲಿಕೈ

ಪ್ರಫುಲ್ಲಾಳ ಸೊಂಟದಲ್ಲಿ ಕೀಲಿಗೊಂಚಲು ಇಲ್ಲದ ದಿನವನ್ನು ಇಂಗ್ಲಿಷ್ ಊರಾದ ಗ್ರೀನ್‌ಫರ್ಡಿನ ಆ ಮನೆ ಕಂಡದ್ದಿಲ್ಲ. ಕೆಲಸಕ್ಕೆ ಹೋಗುವಾಗ ಸ್ವೆಟರಿನ ಕೆಳಗೆ ಪ್ಯಾಂಟಿನ ಪಟ್ಟಿಗೆ, ಮನೆಯಲ್ಲಿದ್ದರೆ ಸೀರೆಯ ನೆರಿಗೆಯ ಪಕ್ಕಕ್ಕೆ. ಮುಂಬಾಗಿಲು, ಹಿಂಬಾಗಿಲು, ಚಿನ್ನದ ಡಬ್ಬಿ, ಪಾಸ್‌ಪೋರ್ಟಿನ ಪೆಟ್ಟಿಗೆ, ಹಿತ್ತಲಿನ ಶೆಡ್ಡು, ಎಲ್ಲದರ ಕೀಲಿಯೂ ಅದರಲ್ಲೇ. ಗಂಡ ಸದಾನಂದ ಕೀಲಿ ಕಳೆಯುವುದರಲ್ಲಿ ಪಳಗಿದವನು. ಮದುವೆಯಾಗಿ ಬಂದ ವಾರದಲ್ಲೇ ಕುಂದಾಪುರದ ಅತ್ತೆ ಊರಿನ ಮನೆಯ ಗೊಂಚಲನ್ನು ಇವಳ ಕೈಗೆ ಹಾಕಿ, "ಅವ್ನ್ ಕೈಯಗೆ ಮಾತ್ರ ಕೊಡ್ಬೇಡ" ಎಂದು ಹೇಳಿ ನಿರಾಳವಾಗಿದ್ದರು. ಹಾಗಾಗಿ ಮೇಲಿನ ಚಿಕ್ಕ ಕೋಣೆಯಲ್ಲಿ ಗೋಡೆಗೆ ಬೋಲ್ಟು ಹಾಕಿ ಕೋವಿಗಳ ಉಕ್ಕಿನ ಕಪಾಟು ನಿಲ್ಲಿಸಿದ ದಿನ ಅದರ ಎರಡು ಕೀಲಿಗಳೂ ಸೀದಾ ಬಂದು ಈ ಗೊಂಚಲಿಗೆ ಸೇರಿದ್ದವು. ಕೊಟ್ಟವನೂ ಯೋಚಿಸಲಿಲ್ಲ, ತೆಗೆದುಕೊಂಡವಳೂ ಯೋಚಿಸಲಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಕೆಲಸ ಕಾರ್ಖಾನೆಗಳ ಬಡಾವಣೆ ಪಾರ್ಕ್ ರಾಯಲ್‌ನಲ್ಲೇ. ಅವನು ನಾನ್ ರೊಟ್ಟಿಯ ಕಾರ್ಖಾನೆಯಲ್ಲಿ ರಾತ್ರಿಪಾಳಿ, ಬೆಳತನಕ ಬೆಂಕಿಯ ಮುಂದೆ. ಅವಳು ಸ್ಯಾಂಡ್‌ವಿಚ್ ಕಟ್ಟುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಫ್ರಿಜ್ಜಿನಷ್ಟೇ ತಣ್ಣಗಿನ ಕೋಣೆಯಲ್ಲಿ. ಒಬ್ಬರು ಬೆವರಿ ಬರುವ ಹೊತ್ತಿಗೆ ಇನ್ನೊಬ್ಬರು ನಡುಗಲು ಹೊರಡುವುದು. ಮಕ್ಕಳು ಬೆಳೆದು ಅವರವರ ಫ್ಲಾಟುಗಳಿಗೆ ಹೋದ ಮೇಲೆ ಈ ಬಾಗಿಲ ಬಳಿಯ ಭೇಟಿಯೇ ಸಂಸಾರ ಎಂಬಂತಾಗಿತ್ತು.

ಭಾನುವಾರವಾದರೂ ಒಟ್ಟಿಗೆ ಇರಬಹುದಿತ್ತು. ಆದರೆ ಭಾನುವಾರ ಕೋವಿಯ ದಿನ.

ಆ ಹುಚ್ಚು ಹತ್ತಿಸಿದವನು ಲೆನ್. ಮೊದಲು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಆ ಬಿಳಿಯ ಮುದುಕ ಈಗ ರೈಫಲ್ ಕ್ಲಬ್ಬಿನ ಕಾರ್ಯದರ್ಶಿ. ತೊಂಬತ್ತೊಂದರಲ್ಲೋ ತೊಂಬತ್ತೆರಡರಲ್ಲೋ, "ಒಂದು ಸಲ ಬಂದು ನೋಡು" ಎಂದು ಸದಾನಂದನನ್ನು ಕಾರಿನಲ್ಲಿ ಬಿಸ್ಲಿಯ ಗುಂಡು ಹೊಡೆಯುವ ಮೈದಾನಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಚಾಪೆ ಹಾಸಿ, ಹೊಟ್ಟೆಯ ಮೇಲೆ ಮಲಗಿ, ದೂರದ ಗುರಿಹಲಗೆಯನ್ನೇ ನೋಡುತ್ತ, ಉಸಿರು ಬಿಗಿಹಿಡಿದು ಕೋವಿಯ ಕುದುರೆ ಎಳೆಯಬೇಕು. ಕಿವಿಗೆ ದಪ್ಪ ಮುಚ್ಚಳ. ಯಾರೂ ಮಾತಾಡಿಸುವುದಿಲ್ಲ. ಆ ದಿನ ಮನೆಗೆ ಬಂದವನು ಹೇಳಿದ್ದು ಒಂದೇ ಮಾತು: "ಪ್ರಫುಲ್ಲಾ, ಮಲ್ಕಂಡ್ ಮಾಡು ಕೆಲ್ಸ ಮರಾಯ್ತಿ." ವಾರವಿಡೀ ನಿಂತೇ ದುಡಿಯುವವನಿಗೆ ಅದಕ್ಕಿಂತ ಹೆಚ್ಚಿನ ಕಾರಣ ಬೇಕಾಗಲಿಲ್ಲ.

ಆಮೇಲೆ ಲೈಸೆನ್ಸು ಬಂತು, ಒಂದೊಂದಾಗಿ ಕೋವಿಗಳೂ ಬಂದವು. ಎಲ್ಲವೂ ಯಾವ್ಯಾವುದೋ ಸೈನ್ಯಗಳು ಹಳತಾಯಿತೆಂದು ಮಾರಿದಂಥವು. ಎರಡನೇ ಮಹಾಯುದ್ಧದ ಇಂಗ್ಲಿಷ್ ಕೋವಿ ಒಂದು. ಸ್ವಿಸ್ ಕೋವಿ ಒಂದು. ಅದರ ಹಿಡಿಯ ತುದಿಯ ತಗಡನ್ನು ಬಿಚ್ಚಿದರೆ ಒಳಗೆ ಹಿಂದೆ ಅದನ್ನು ಹೊತ್ತ ಸಿಪಾಯಿಯ ಹೆಸರಿನ ಚೀಟಿ. ಮೂರನೆಯದು ಬಂಗಾಳದ ಈಶಾಪುರದಲ್ಲಿ ತಯಾರಾದದ್ದು. ಅದರ ಮರದ ತುಂಬ ಗೀರು, ಒಂದು ಕಡೆ ತಂತಿ ಸುತ್ತಿತ್ತು. "ಇದ್ ನಮ್ ಕಡೆದ್" ಎಂದು ಸದಾನಂದ ಅದಕ್ಕೆ ಮಾತ್ರ ಕ್ಲಬ್ಬಿನವರು ಹೇಳಿದ ಎಣ್ಣೆ ಬಿಟ್ಟು ತೆಂಗಿನೆಣ್ಣೆ ಉಜ್ಜುತ್ತಿದ್ದ. ಕ್ಲಬ್ಬಿನಲ್ಲಿ ಎಲ್ಲರೂ ನಕ್ಕರೂ ಬಿಡಲಿಲ್ಲ.

ಪ್ರಫುಲ್ಲಾಳಿಗೆ ಕೋವಿಯೆಂದರೆ ಪ್ರೀತಿಯೂ ಇಲ್ಲ, ಹೆದರಿಕೆಯೂ ಇಲ್ಲ. ಅವಳ ಪಾಲಿಗೆ ಅದು ಇನ್ನೊಂದು ತೊಳೆಯುವ ಸಾಮಾನು. ಹಳೆಯ ಮದ್ದಿನ ಗುಂಡು ಹೊಡೆದ ದಿನ ನಳಿಗೆಯೊಳಗೆ ಕುದಿಯುವ ನೀರು ಹೊಯ್ಯದಿದ್ದರೆ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ಭಾನುವಾರ ಸಂಜೆ ಚಹಾದ ಕೆಟಲು ಬಚ್ಚಲಿಗೆ ಹೋಗುತ್ತಿತ್ತು. ಅವನು ಕೋವಿಯನ್ನು ಟಬ್ಬಿನಲ್ಲಿ ನಿಲ್ಲಿಸಿ ಹಿಡಿಯುವುದು, ಇವಳು ಎಣ್ಣೆ ಹೊಯ್ಯುವ ಆಲಿಕೆ ಇಟ್ಟು ಬಿಸಿನೀರು ಸುರಿಯುವುದು. "ಬಾಣಂತಿಗೆ ಮೀಯ್ಸಿದ ಹಾಂಗೆ ಆಯ್ತ್" ಎಂದು ಗೊಣಗುತ್ತಲೇ ಸುರಿಯುತ್ತಿದ್ದಳು. ಅವನು ಆ ಹೊತ್ತಿನಲ್ಲಿ ಮಾತ್ರ ವಾರದ ಮಾತನ್ನೆಲ್ಲ ಆಡುತ್ತಿದ್ದ. ಅವಳಿಗೆ ಅದೇ ಸಾಕಿತ್ತು.

ತೊಂಬತ್ತೇಳರಲ್ಲಿ ಸರ್ಕಾರ ಪಿಸ್ತೂಲುಗಳನ್ನು ನಿಷೇಧಿಸಿದಾಗ ಕ್ಲಬ್ಬಿನ ಅರ್ಧ ಜನ ತಮ್ಮ ಪಿಸ್ತೂಲುಗಳನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದರು. ರೈಫಲ್‌ಗಳು ಉಳಿದವು, ಆದರೆ ಆಮೇಲೆ ಪೊಲೀಸರ ಪ್ರಶ್ನೆಗಳು ಬಿಗಿಯಾದವು. ಲೈಸೆನ್ಸು ಹೊಸದು ಮಾಡಿಸುವಾಗ ಮನೆಗೇ ಬಂದು ಕಪಾಟು ನೋಡುತ್ತಿದ್ದರು. ಹಿಂದೆ ಬಂದಾಗಲೆಲ್ಲ ಪ್ರಫುಲ್ಲಾ ಕೆಲಸದಲ್ಲಿದ್ದಳು. ಹೊರಡುವ ಮೊದಲು ಕಪಾಟಿನ ಕೀಲಿಗಳನ್ನು ಬಿಡಿಸಿ ಗಂಡನ ಜೇಬಿಗೆ ಹಾಕಿ, ಮನೆಗೆ ಬಂದು ಮೊದಲು ಅವನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದಳು. ಎರಡು ಸಾವಿರದ ಎರಡರ ಆ ಮಾರ್ಚ್ ತಿಂಗಳಲ್ಲಿ ಮಾತ್ರ ಅವಳಿಗೆ ರಜೆಯಿತ್ತು.

ಬಂದವರು ಡಾಸನ್ ಎಂಬ ನಡುವಯಸ್ಸಿನ ಅಧಿಕಾರಿ. ಬೂಟು ಕಳಚಲೇ ಎಂದು ತಾವಾಗಿ ಕೇಳಿದರು. ಅಷ್ಟಕ್ಕೇ ಪ್ರಫುಲ್ಲಾಳಿಗೆ ಒಳ್ಳೆಯ ಮನುಷ್ಯ ಅನ್ನಿಸಿ ಉಪ್ಪಿಟ್ಟಿನ ಜೊತೆಗೆ ಗೋಡಂಬಿಯನ್ನೂ ಹುರಿದು ಕೊಟ್ಟಳು. ಸದಾನಂದ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ಕಣ್ಣು ಕೆಂಪಗೆ, ಹುಬ್ಬಿನ ಮೇಲೆ ಇನ್ನೂ ಮೈದಾ. ಡಾಸನ್ ಚಹಾ ಮುಗಿಸಿ, "ಕಪಾಟು ನೋಡೋಣವೇ?" ಎಂದಾಗ ಅವನು ಮಂಡಿ ಹಿಡಿದುಕೊಂಡು ಏಳಲು ಹೊರಟ.

"ನೀವ್ ಕೂಕಣಿ. ಮೆಟ್ಲ್ ಹತ್ತಿ ಇಳ್ದ್ ಮಾಡುದ್ ಬ್ಯಾಡ, ನಾ ತೆಗ್ದ್ ತೋರ್ಸ್ತೆ" ಎಂದಳು ಪ್ರಫುಲ್ಲಾ.

ಸದಾನಂದ ಏನೋ ಹೇಳಲು ಬಾಯಿ ತೆರೆದ. ನಿದ್ದೆಗಣ್ಣಿನಲ್ಲಿ ಮಾತು ಬರುವುದರೊಳಗೆ ಅವಳು ಅಧಿಕಾರಿಯನ್ನು ಕರೆದುಕೊಂಡು ಮೇಲೆ ಹೋಗಿಯಾಗಿತ್ತು. ಸೊಂಟದಿಂದ ಗೊಂಚಲು ತೆಗೆದು, ನೋಡದೆಯೇ ಬೆರಳಿನಲ್ಲಿ ಕೀಲಿ ಹುಡುಕಿ, ಮೇಲಿನ ಬೀಗ, ಕೆಳಗಿನ ಬೀಗ ಎರಡನ್ನೂ ತೆಗೆದಳು. ಬಾಗಿಲ ಹಿಂದೆ ತೂಗುಹಾಕಿದ ತೆಂಗಿನೆಣ್ಣೆಯ ಬಟ್ಟೆಯಿಂದ ಈಶಾಪುರದ ಕೋವಿಯನ್ನು ಒರೆಸಿ, ಅಂಗಡಿಯವರು ರೇಷ್ಮೆಸೀರೆ ಹಿಡಿದು ತೋರಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ತಿರುಗಿದಳು.

ಡಾಸನ್ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿದ್ದ ಪೆನ್ನು ನಿಂತಿತ್ತು.

"ಕೀಲಿ ಯಾವಾಗಲೂ ನಿಮ್ಮ ಹತ್ತಿರವೇ ಇರುತ್ತದೆಯೇ, ಮೇಡಂ?" ಎಂದು ಮೆಲ್ಲಗೆ ಕೇಳಿದರು.

"ಆಲ್ ಕೀಸ್ ವಿತ್ ಮೀ ಓನ್ಲಿ, ಸರ್" ಎಂದಳು ಪ್ರಫುಲ್ಲಾ ಹೆಮ್ಮೆಯಿಂದ. "ಹೀ ಈಸ್ ಲೂಸಿಂಗ್ ಎವ್ರಿಥಿಂಗ್. ಮೈ ಹ್ಯಾಂಡ್, ವೆರಿ ಸೇಫ್."

ಅಷ್ಟರಲ್ಲಿ ಸದಾನಂದ ಮೆಟ್ಟಿಲು ಹತ್ತಿ ಬಂದಿದ್ದ. ಅವನ ಮುಖ ನೋಡಿದ ಮೇಲೆಯೇ ಅವಳಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾದದ್ದು.

ಡಾಸನ್ ಕೂಗಾಡಲಿಲ್ಲ. ಕೆಳಗೆ ಬಂದು ಕುಳಿತು ಬಿಡಿಸಿ ಹೇಳಿದರು. ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಕಪಾಟು ತೆರೆಯಲು ಸಾಧ್ಯವಿರಬೇಕು. ಹೆಂಡತಿಯಾಗಲಿ ಮಕ್ಕಳಾಗಲಿ, ಬೇರೆ ಯಾರ ಕೈಗೂ ಕೀಲಿ ಸಿಗಬಾರದು, ಎಲ್ಲಿದೆ ಎಂದು ತಿಳಿದೂ ಇರಬಾರದು. "ನಾನು ಕಂಡದ್ದನ್ನು ಕಾಣಲಿಲ್ಲ ಎಂದು ಬರೆಯಲಾರೆ. ಸದ್ಯಕ್ಕೆ ಕೋವಿಗಳು ನಮ್ಮ ವಶದಲ್ಲಿರಬೇಕು. ಲೈಸೆನ್ಸು ಮುಂದುವರಿಸಬೇಕೋ ಬೇಡವೋ ಎಂದು ಮೇಲಿನವರು ತೀರ್ಮಾನಿಸುತ್ತಾರೆ" ಎಂದರು. ಹೋಗುವಾಗ ಉಪ್ಪಿಟ್ಟು ಚೆನ್ನಾಗಿತ್ತು ಎಂದೂ ಹೇಳಿದರು. ಅದರಿಂದ ಅವಳಿಗೆ ಮತ್ತೂ ಸಂಕಟವಾಯಿತು.

ಮಧ್ಯಾಹ್ನ ವ್ಯಾನು ಬಂತು. ಎದುರು ಮನೆಯ ಪರದೆ ಸರಿದು ಮುಚ್ಚಿತು. ಮೂರು ಕೋವಿಗಳು ಕಂಬಳಿಯಲ್ಲಿ ಸುತ್ತಿಕೊಂಡು ಹೋದವು.

ಪ್ರಫುಲ್ಲಾ ಬೈಗುಳಕ್ಕೆ ಕಾದು ಕುಳಿತಳು. ಸದಾನಂದ ಚಹಾದ ಲೋಟ ತೊಳೆದಿಟ್ಟ.

"ಒಂದ್ ಮಾತ್ ಬೈದ್ ಬಿಡಿ ಕಾಂಬ" ಎಂದಳು.

"ಬೈದ್ರೆ ವಾಪಾಸ್ ಬತ್ತಾ? ಕೀಲಿ ಕೊಟ್ಟದ್ದ್ ನಾನೇ ಅಲ್ದಾ. ರಾತ್ರಿಯೆಲ್ಲ ನಿಂತ್ ಬಚ್ಚಿತ್ ಮರಾಯ್ತಿ, ಸ್ವಲ್ಪ ಮಲಗ್ತೆ" ಎಂದು ಅವನು ಮೇಲೆ ಹೋದ.

ಆಮೇಲಿನ ಭಾನುವಾರಗಳಲ್ಲಿ ಅವನು ಮನೆಯಲ್ಲೇ ಇದ್ದ. ಇಷ್ಟು ವರ್ಷ ಅವಳು ಬಯಸಿದ್ದೂ ಅದನ್ನೇ. ಎದ್ದು, ತಿಂದು, ಸೋಫಾದ ಮೇಲೆ ಕುಳಿತರೆ ಟೀವಿಯಲ್ಲಿ ಏನು ಬಂದರೂ ನೋಡುತ್ತಿದ್ದ; ತೋಟದ ಕಾರ್ಯಕ್ರಮವೋ, ಹಳೆಯ ಕುದುರೆ ಪಂದ್ಯವೋ. ಮಾತಾಡಿಸಿದರೆ ಉತ್ತರ ಕೊಡುತ್ತಿದ್ದ, ತಾನಾಗಿ ಒಂದು ಮಾತೂ ಇಲ್ಲ. ಸಂಜೆ ಕೆಟಲು ಒಲೆಯ ಪಕ್ಕ ಸುಮ್ಮನೆ ಇರುತ್ತಿತ್ತು. ಮಗಳು ಪ್ರೇಕ್ಷಾ ಫೋನಿನಲ್ಲಿ, "ಅಮ್ಮಾ, ಇಟ್ಸ್ ದ ಲಾ. ಯೂ ಕಾಂಟ್ ಬ್ಲೇಮ್ ದೆಮ್" ಎಂದಳು. ತಾನು ಯಾರನ್ನು ದೂರಿದೆ ಎಂದು ಪ್ರಫುಲ್ಲಾಳಿಗೆ ತಿಳಿಯಲಿಲ್ಲ.

ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಮೈಸೂರಿನ ವಿಜಯಾ ಸಿಕ್ಕಿದರು. ಅವರ ಗಂಡ ಡಾಕ್ಟರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಸುದ್ದಿ ಆಗಲೇ ಹರಡಿಯಾಗಿತ್ತು.

"ಬಿಡಿ ಪ್ರಫುಲ್ಲಾ, ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು" ಎಂದರು ವಿಜಯಾ ಬೆಂಡೆಕಾಯಿಯ ತುದಿ ಮುರಿದು ನೋಡುತ್ತ. "ಮನೇಲಿ ಬಂದೂಕ ಇಟ್ಕೊಂಡು ಯಾರನ್ನ ಹೊಡೀಬೇಕಿತ್ತು ನಿಮ್ಮೆಜಮಾನ್ರು? ಈಗ ಭಾನುವಾರ ಮನೇಲಿರ್ತಾರಲ್ಲ, ಅದೇ ಪುಣ್ಯ."

"ಇರ್ತಾರೆ ಹೌದು. ಸೋಫಾದ ಮೇಲೆ ಇನ್ನೊಂದು ದಿಂಬು ಇಟ್ಟ ಹಾಗೆ" ಎಂದಳು ಪ್ರಫುಲ್ಲಾ.

ವಿಜಯಾ ನಕ್ಕರು. ಪ್ರಫುಲ್ಲಾಳೂ ನಕ್ಕಳು. ಬಸ್ಸಿನಲ್ಲಿ ಕುಳಿತ ಮೇಲೆ ಮಾತ್ರ ಕೈಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡು ಯೋಚಿಸಿದಳು. ದಿನವಿಡೀ ನಿಂತವನಿಗೆ ಮಲಗಲು ಹಾಸಿಗೆ ಇದೆ, ನಿಜ. ಆದರೆ ಮನುಷ್ಯ ಮಲಗಿ ಎದ್ದರೂ ಇಳಿಯದ ಆಯಾಸ ಒಂದಿದೆ. ಅದನ್ನು ಇಳಿಸುತ್ತಿದ್ದ ಜಾಗ ಅವನಿಗೆ ಒಂದೇ ಇತ್ತು. ಅದನ್ನು ಅವಳು ಉಪ್ಪಿಟ್ಟು ಕೊಟ್ಟ ಕೈಯಲ್ಲೇ ಮುಚ್ಚಿಬಿಟ್ಟಿದ್ದಳು.

ಮನೆಗೆ ಬಂದವಳೇ ಲೆನ್‌ಗೆ ಫೋನು ಮಾಡಿದಳು.

ಲೆನ್ ಮುಂದಿನ ಶನಿವಾರ ಒಂದು ಪುಟ್ಟ ಉಕ್ಕಿನ ಪೆಟ್ಟಿಗೆ ತಂದ. ಮುಚ್ಚಳದ ಮೇಲೆ ಸಂಖ್ಯೆ ತಿರುಗಿಸುವ ನಾಲ್ಕು ಗಾಲಿ. ಕಪಾಟಿನ ಕೀಲಿಗಳು ಇದರೊಳಗೆ ಇರಬೇಕು, ಪೆಟ್ಟಿಗೆ ಗೋಡೆಗೆ ಭದ್ರವಾಗಿರಬೇಕು, ಸಂಖ್ಯೆ ಸದಾನಂದನ ತಲೆಯಲ್ಲಿ ಮಾತ್ರ ಇರಬೇಕು. ಹೀಗೆ ಮಾಡಿದರೆ ಮತ್ತೊಮ್ಮೆ ನೋಡುತ್ತೇವೆ ಎಂದು ಮೇಲಿನವರು ಹೇಳಿದ್ದರಂತೆ. ಇದು ಕೊನೆಯ ಸಲ. ಇದೂ ಸರಿಹೋಗದಿದ್ದರೆ ಲೈಸೆನ್ಸು ರದ್ದು, ಕೋವಿಗಳನ್ನು ಮಾರಬೇಕು.

"ಡಾಸನ್ ನಿನ್ನ ಹೆಂಡತಿಯನ್ನೇ ಕೇಳುತ್ತಾನೆ" ಎಂದ ಲೆನ್, ಮೊಳೆ ತಿರುಪುತ್ತ. "ಸುಳ್ಳು ಹೇಳಲು ಅವಳಿಂದ ಆಗುವುದಿಲ್ಲ. ಅದನ್ನು ಅವನು ಆಗಲೇ ನೋಡಿದ್ದಾನೆ. ಆದ್ದರಿಂದ ಅವಳಿಗೆ ನಿಜವಾಗಿಯೂ ಗೊತ್ತಿರಬಾರದು."

ಪ್ರಫುಲ್ಲಾ ಗೊಂಚಲಿನಿಂದ ಎರಡು ಕೀಲಿ ಬಿಡಿಸಿ ಗಂಡನ ಅಂಗೈಗೆ ಹಾಕಿ ಕೆಳಗೆ ಹೋದಳು. ಚಹಾಕ್ಕೆ ನೀರಿಡುವಾಗ ಅವಳಿಗೆ ಹೊಸ ಹೆದರಿಕೆ ಹತ್ತಿತು. ಅವನು ಯಾವ ಸಂಖ್ಯೆ ಇಟ್ಟಾನು? ಬ್ಯಾಂಕ್ ಕಾರ್ಡಿಗೆ ಪ್ರೇಕ್ಷಾ ಹುಟ್ಟಿದ ವರ್ಷ. ಸೂಟ್‌ಕೇಸಿಗೆ ಮಗ ವಿಶಾಲ್ ಹುಟ್ಟಿದ ವರ್ಷ. ಕಾರ್ಖಾನೆಯ ಲಾಕರಿಗೆ ಮದುವೆಯ ವರ್ಷ. ಆ ತಲೆಯಲ್ಲಿ ಅವಳಿಗೆ ಗೊತ್ತಿಲ್ಲದ ಸಂಖ್ಯೆ ಒಂದೂ ಇರಲಿಲ್ಲ. ಇಂಥದ್ದು ಇಡಬೇಡಿ ಎಂದು ಎಚ್ಚರಿಸೋಣವೆಂದರೆ, ಹಾಗೆ ಹೇಳಿದರೆ ತಾನೂ ಅದರಲ್ಲಿ ಕೈಹಾಕಿದಂತೆಯೇ. ಬಾಯಿ ಮುಚ್ಚಿಕೊಂಡಳು.

ಅಲ್ಲಿಂದ ಡಾಸನ್ ಬರುವ ದಿನದವರೆಗೆ ಮನೆಯಲ್ಲಿ ಮಾತು ವಿಚಿತ್ರವಾಯಿತು. ಉಣ್ಣುವಾಗ ಅವನು ಅಭ್ಯಾಸಬಲದಿಂದ, "ಪ್ರಫುಲ್ಲಾ, ಆ ಪೆಟ್ಗೆಗೆ ನಾ ಎಂತ ಮಾಡ್ದೆ ಅಂದ್ರೆ..." ಎಂದು ಶುರುಮಾಡುವುದು, ಅವಳು ಪಾತ್ರೆಯನ್ನು ಕುಕ್ಕಿ ಸದ್ದು ಮಾಡುವುದು, ಅವನು ತಪ್ಪು ಮಾಡಿದವನಂತೆ ತಟ್ಟೆಗೆ ಬಗ್ಗುವುದು. ಇಷ್ಟು ವರ್ಷ ಜ್ವರ ಬಂದರೂ ಸಂಬಳ ಬಂದರೂ ಮೊದಲು ಅವಳಿಗೇ ಹೇಳಿದವನು. ಒಂದು ಸಂಖ್ಯೆ ನುಂಗಿ ಇಟ್ಟುಕೊಳ್ಳುವುದು ಅವನಿಗೆ ಎಲುಬು ನುಂಗಿದಷ್ಟು ಕಷ್ಟವಾಗಿತ್ತು.

ಡಾಸನ್ ಮೇ ತಿಂಗಳಲ್ಲಿ ಬಂದರು. ಈ ಸಲ ಪ್ರಫುಲ್ಲಾ ಚಹಾ ಮಾತ್ರ ಕೊಟ್ಟಳು. ಮೂವರೂ ಮೇಲೆ ಹೋದರು. ಅವರು ಪೆಟ್ಟಿಗೆಯನ್ನು ಅಲುಗಿಸಿ ನೋಡಿ, ಅವಳ ಕಡೆ ತಿರುಗಿದರು.

"ಸಂಖ್ಯೆ ನಿಮಗೆ ಗೊತ್ತೇ?"

"ನೋ, ಸರ್."

"ಊಹಿಸಬಲ್ಲಿರಾ?"

ಅವಳ ಕಣ್ಣು ಪೆಟ್ಟಿಗೆಯ ಗಾಲಿಗಳ ಮೇಲೆ ಹೋಯಿತು. ಡಾಸನ್ ಪಕ್ಕಕ್ಕೆ ಸರಿದು ಪೆಟ್ಟಿಗೆಗೆ ದಾರಿ ಬಿಟ್ಟರು. "ಒಮ್ಮೆ ಪ್ರಯತ್ನ ಮಾಡಿ. ನಿಮಗೆ ತೋಚಿದ್ದನ್ನೆಲ್ಲ."

ಗಾಲಿಯ ಮೇಲೆ ಬೆರಳಿಟ್ಟಾಗ ಅವಳಿಗೆ ಮೊದಲು ಹೊಳೆದದ್ದು ಸುಲಭದ ದಾರಿ. ಬಾಯಿಗೆ ಬಂದ ಸಂಖ್ಯೆ ತಿರುಗಿಸಿದರಾಯಿತು, ತೆರೆಯುವುದಿಲ್ಲ, ಕೋವಿ ಮನೆಗೆ ಬರುತ್ತದೆ. ಆದರೆ ಈ ಮನುಷ್ಯ ಪೆಟ್ಟಿಗೆ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ. ಇನ್ನೊಂದು ಯೋಚನೆಯೂ ಬಂತು. ಇವತ್ತು ಮೋಸದಿಂದ ತಪ್ಪಿಸಿಕೊಂಡರೆ, ಮುಂದೆ ಪ್ರತಿ ಭಾನುವಾರ ಆ ಕೋಣೆಯ ಮುಂದೆ ಹಾದುಹೋಗುವಾಗ ತನಗೆ ಸಂಖ್ಯೆ ಗೊತ್ತಿರಬಹುದು ಎಂಬ ಭಾರ ತನ್ನ ಮೇಲೆಯೇ ಇರುತ್ತದೆ. ಹೊರುವ ಭಾರ ಈಗ ಇರುವುದೇ ಸಾಕು.

ಪ್ರೇಕ್ಷಾಳ ವರ್ಷ ತಿರುಗಿಸಿದಳು. ಮುಚ್ಚಳ ಎಳೆದಳು. ಬರಲಿಲ್ಲ.

ವಿಶಾಲನ ವರ್ಷ. ಬರಲಿಲ್ಲ.

ಆಮೇಲೆ ಮದುವೆಯ ವರ್ಷ. ಇದೇ ಇರುತ್ತದೆ, ಇದೇ. ಹಿಂದೆ ಸದಾನಂದನ ಉಸಿರು ಕೇಳುತ್ತಿತ್ತು. ಕೊನೆಯ ಗಾಲಿ ತಿರುಗಿಸಿ, ಕಣ್ಣು ಮುಚ್ಚಿ ಎಳೆದಳು. ಬರಲಿಲ್ಲ.

ಮಾವ ತೀರಿಹೋದ ವರ್ಷ, ಈ ದೇಶಕ್ಕೆ ಬಂದ ವರ್ಷ, ಈ ಮನೆ ಕೊಂಡ ವರ್ಷ. ಕೊನೆಗೆ ತನ್ನ ಹುಟ್ಟಿದ ವರ್ಷವನ್ನೂ ಹಾಕಿ ನೋಡಿದಳು. ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ.

ಅವಳು ಕೈ ಕೆಳಗೆ ಬಿಟ್ಟು ತಿರುಗಿದಳು. ಎದೆಯಿಂದ ಕಲ್ಲು ಇಳಿದಂತಾಯಿತು. ಅದರ ಬೆನ್ನಿಗೇ, ಹಾಗಾದರೆ ಯಾವುದು ಎಂಬ ಪ್ರಶ್ನೆ ಬಂದು ಅದೇ ಜಾಗದಲ್ಲಿ ಕುಳಿತಿತು. ಸದಾನಂದ ನೆಲ ನೋಡುತ್ತ ನಿಂತಿದ್ದ, ಹೊಸದಾಗಿ ಹೆಣ್ಣು ನೋಡಲು ಬಂದ ಹುಡುಗನ ಹಾಗೆ.

"ಸಾಕು ಮೇಡಂ" ಎಂದರು ಡಾಸನ್. ಕೆಳಗೆ ಇಳಿಯುವಾಗ ಸದಾನಂದನಿಗೆ, "ಎರಡು ಮೂರು ವಾರದಲ್ಲಿ ಸ್ಟೇಷನ್ನಿಗೆ ಬಂದು ಕೋವಿಗಳನ್ನು ತೆಗೆದುಕೊಂಡು ಹೋಗಿ. ಅಲ್ಲಿ ತೆಂಗಿನೆಣ್ಣೆ ಹಾಕುವವರು ಯಾರೂ ಇಲ್ಲ" ಎಂದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ಆ ಸಂಜೆ ಅವನ ಪಾಳಿಗೆ ಮುಂಚೆ ಇಬ್ಬರೂ ಉಣ್ಣಲು ಕುಳಿತರು. ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ. ಸದಾನಂದ ಎಷ್ಟೋ ದಿನದ ಮೇಲೆ ಎರಡನೇ ಸಲ ಬಡಿಸಿಕೊಂಡ.

"ಆ ನಂಬರ್ ಯಾವ್ದ್ ಅಂದೇಳಿ..." ಎಂದು ಬಾಯಿಬಿಟ್ಟ.

"ಹ್ವಾಯ್. ಹೇಳ್ಬೇಡಿ."

"ಹೇಳುದಿಲ್ಲೆ ಮರಾಯ್ತಿ." ಸ್ವಲ್ಪ ಹೊತ್ತು ಮುಳ್ಳು ಬಿಡಿಸಿದ. "ನಿಂಗೆ ಬೇಜಾರ್ ಆಯ್ತಾ?"

"ಎಂತಕ್ಕೆ?"

"ನಿಂಗೆ ಗೊತ್ತಿಲ್ದಿದ್ದದ್ದ್ ಒಂದ್ ನನ್ಹತ್ರ ಇತ್ತಲ್ದಾ ಅಂದೇಳಿ."

ಪ್ರಫುಲ್ಲಾ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಬೇಜಾರಾಗಿತ್ತು. ಎಷ್ಟು ಎಂದು ಅಳೆಯುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಬೆಳಗಾದರೆ ಮತ್ತೆ ತಣ್ಣಗಿನ ಕೋಣೆ ಕಾಯುತ್ತಿತ್ತು.

"ನಿಮ್ಗೆ ಗೊತ್ತಿಲ್ದಿದ್ದದ್ದ್ ನನ್ಹತ್ರ ಎಷ್ಟಿತ್ತ್" ಎಂದಳು. "ಉಣ್ಣಿ."

ಸದಾನಂದನ ಕೈ ತುತ್ತಿನ ಸಮೇತ ನಿಂತಿತು. "ಎಂತದ್?"

"ಅದ್ ಹೇಳುಕಾತ್ತಿಲ್ಲೆ."

ಅವನು ಅವಳನ್ನೇ ನೋಡಿದ. ಅವಳು ತನ್ನ ಪಾಡಿಗೆ ಅನ್ನ ಕಲಸುತ್ತಿದ್ದಳು. ಉಂಡು ಎದ್ದು ಕೈ ತೊಳೆದ. ಕೋಟು ಹಾಕಿಕೊಂಡ. ಬಾಗಿಲಲ್ಲಿ ಬೂಟಿನ ದಾರ ಕಟ್ಟಲು ಮೆಟ್ಟಿಲ ಮೇಲೆ ಕುಳಿತವನು ಒಂದು ದಾರ ಕಟ್ಟಿ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ:

"ಹೌದಾ, ಪ್ರಫುಲ್ಲಾ? ನಿಜಕ್ಕೂ ಇತ್ತಾ?"

"ಬಸ್ ತಪ್ತ್, ಹೋಯ್ನಿ" ಎಂದಳು ಅವಳು, ಪಾತ್ರೆ ತೊಳೆಯುವ ನಲ್ಲಿ ತಿರುಗಿಸುತ್ತ.